ಮೊದಲು ಕಾಲು ತೋರಿಸು

ಯಾವ ಊರಿನ ಯಾವ ವೇದಿಕೆಗೆ ಹೋಗಲಿ, ನಮ್ಮ ಡ್ಯಾನ್ಸ್ ಟೀಚರ್ ಮೊದಲು ಮಾಡುತ್ತಿದ್ದ ಕೆಲಸ ಜಮಖಾನ ಎತ್ತಿ ನೋಡುವುದು. ಸಂಘಟಕರು ಕಾಫಿ ಲೋಟ ಹಿಡಿದು ಎದುರಿಗೆ ನಿಂತಿರುತ್ತಿದ್ದರು. ಇವರು “ಒಂದ್ನಿಮಿಷ” ಎಂದು ಚಪ್ಪಲಿ ಬಿಟ್ಟು ವೇದಿಕೆ ಹತ್ತಿ, ಮೂಲೆಯಿಂದ ಜಮಖಾನ ಮಡಚಿ, ಅಡಿಯಲ್ಲಿ ಏನಿದೆ ಎಂದು ಬಗ್ಗಿ ನೋಡುತ್ತಿದ್ದರು. ಆಮೇಲೆ ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆದು, ಅಲ್ಲಲ್ಲಿ ಹಿಮ್ಮಡಿಯಿಂದ ಒತ್ತಿ ಪರೀಕ್ಷೆ ಮಾಡುತ್ತಿದ್ದರು. ಹೆಣ್ಣು ನೋಡಲು ಬಂದವರು ಮನೆಯ ಹೆಂಚು ನೋಡಿದ ಹಾಗಾಯಿತು ಇದು ಎಂದು ನಾನು ತಮಾಷೆ ಮಾಡಿದರೆ, “ಹೆಂಚು ಸೋರಿದ್ರೆ ಅಡಿಗೆ ಬಕೆಟ್ ಇಡಬಹುದು ಮಾರಾಯ್ತಿ. ಹಲಗೆ ಸಂದಿಗೆ ಕಾಲು ಹೋದ್ರೆ ಎಂತ ಇಡ್ತೀ?” ಎನ್ನುತ್ತಿದ್ದರು.

ನರಸಿಂಹರಾಜಪುರದಲ್ಲಿ ಒಮ್ಮೆ ಗಣಪತಿ ಪೆಂಡಾಲಿನಲ್ಲಿ ನಮ್ಮ ಮಕ್ಕಳ ನೃತ್ಯ. ಜಮಖಾನ ಎತ್ತಿದರೆ ಅಡಿಯಲ್ಲಿ ಹಲಗೆಯೇ ಇಲ್ಲ. ಶಾಲೆಯ ಡೆಸ್ಕುಗಳನ್ನು ಒಂದಕ್ಕೊಂದು ತಾಗಿಸಿ ಹಗ್ಗದಲ್ಲಿ ಬಿಗಿದಿದ್ದರು. ಸಮಿತಿಯ ಹುಡುಗನೊಬ್ಬ, “ಎಂತದೂ ಆಗಲ್ಲ ಟೀಚರ್, ದೊಡ್ಡ ದೊಡ್ಡೋರೆಲ್ಲ ಇದರ ಮೇಲೇ ನಿಂತು ಭಾಷಣ ಮಾಡಿದಾರೆ” ಎಂದ. “ಅವರು ಕುಣಿದ್ರಾ?” ಎಂದು ಕೇಳಿದರು ಇವರು. ಕೊನೆಗೆ ಮಕ್ಕಳು ವೇದಿಕೆಯ ಮುಂದೆ ನೆಲದ ಮೇಲೆ ಕುಣಿದರು. ಹಿಂದಿನ ಸಾಲಿನವರಿಗೆ ಮುಂದಿನವರ ತಲೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಅವರೆಲ್ಲ ಬಂದು ಬೈದದ್ದು ನನಗೆ, ಏಕೆಂದರೆ ಮೈಕಿನ ಹತ್ತಿರ ಕೂತವಳು ನಾನು.

ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಕೊಪ್ಪದಲ್ಲಿ ನುಡಿನಮನ ಇಟ್ಟಿದ್ದರು. ಬಂದವರೆಲ್ಲ ಕಲಾಸೇವೆ, ತಪಸ್ಸು, ಕಲಾಮಾತೆ ಎಂದು ಮಾತಾಡಿ ಇಳಿದರು. ಒಬ್ಬರಾದರೂ ಕಣಕಾಲಿನ ಮಾತೆತ್ತಲಿಲ್ಲ. ನನಗೆ ಕೂತಲ್ಲೇ ಸಿಟ್ಟು ಬಂತು. ಅವರು ಮೂವತ್ತು ವರ್ಷ ಕಲಾಮಾತೆಗೆ ದೀಪ ಹಚ್ಚಿದ್ದು ದಿನಕ್ಕೆರಡು ನಿಮಿಷ. ಉಳಿದ ಹೊತ್ತೆಲ್ಲ ನೋಡಿದ್ದು ಊರಿನ ಹೆಣ್ಣುಮಕ್ಕಳ ಕಣಕಾಲುಗಳನ್ನು. ನನ್ನ ಸರದಿ ಬಂದಾಗ ಒಂದು ದೇವರನಾಮ ಹೇಳಿ ಕೂತುಬಿಟ್ಟೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. ಸ್ವಲ್ಪ ಸಂಗೀತ ಕಲಿತಿದ್ದೆ ಎಂಬ ತಪ್ಪಿಗೆ ಶನಿವಾರ, ಭಾನುವಾರ ಅವರ ಭರತನಾಟ್ಯದ ಕ್ಲಾಸಿಗೆ ಹಾಡಲು ಸಿಕ್ಕಿಬಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ, ತೋಟಕ್ಕೆ ಔಷಧಿ ಹೊಡೆಯುವ ಪಂಪು ಮಾರುವ ಅಂಗಡಿಯ ಮಹಡಿಯ ಮೇಲೆ ಕ್ಲಾಸು. ಕೆಳಗಿನಿಂದ ಮೈಲುತುತ್ತದ ವಾಸನೆ ಬರುತ್ತಿತ್ತು, ಮೇಲಿನಿಂದ ‘ತೈ ಯಾ ತೈ’ ಕೇಳುತ್ತಿತ್ತು. ಅವರನ್ನು ಊರೆಲ್ಲ ‘ಡ್ಯಾನ್ಸ್ ಟೀಚರ್’ ಎಂದು ಕರೆಯುತ್ತಿತ್ತು, ನಾನು ಬರೀ ‘ಟೀಚರ್’ ಎನ್ನುತ್ತಿದ್ದೆ. ನನಗಿಂತ ಐದಾರು ವರ್ಷ ದೊಡ್ಡವರು. ಕಪ್ಪು ದಾರದಲ್ಲಿ ಕಟ್ಟಿದ ಕನ್ನಡಕ, ಯಾವ ಸೀರೆಗೂ ಹೊಂದದ ಒಂದೇ ಬಣ್ಣದ ರವಿಕೆ, ಎರಡು ಚಮಚ ಸಕ್ಕರೆ ಹೆಚ್ಚೇ ಇರುವ ಕಾಫಿ.

ಹೊಸದಾಗಿ ಯಾರಾದರೂ ಮಗಳನ್ನು ಸೇರಿಸಲು ಬಂದರೆ, ಹೆಸರು ಕೇಳುವುದಕ್ಕೂ ಮೊದಲು, “ಮೊದಲು ಕಾಲು ತೋರಿಸು” ಎನ್ನುತ್ತಿದ್ದರು. ಮಗುವನ್ನು ಬೆಂಚಿನ ಮೇಲೆ ಕೂರಿಸಿ, ತಾವು ಕೆಳಗೆ ಕೂತು, ಅದರ ಪಾದವನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು. ಅಮ್ಮಂದಿರಿಗೆ ಗಾಬರಿ. “ಅಯ್ಯೋ, ನೀವು ಅವಳ ಕಾಲು ಹಿಡಿಯದಾ ಟೀಚರ್!” ಎಂದು ಮಗುವನ್ನೇ ಎಳೆದುಕೊಳ್ಳುತ್ತಿದ್ದರು. ಇವರು ಬಿಡುತ್ತಿರಲಿಲ್ಲ. ಕಣಕಾಲಿನ ಗಂಟಿನ ಸುತ್ತ ಹೆಬ್ಬೆರಳಿನಿಂದ ಒತ್ತುತ್ತ, ಪಾದವನ್ನು ಒಳಗೆ ಹೊರಗೆ ತಿರುಗಿಸುತ್ತ, “ಯಾವಾಗ ಉಳುಕಿಸ್ಕೊಂಡಿದ್ದೆ ಇದನ್ನ? ಸುಳ್ಳು ಹೇಳ್ಬೇಡ” ಎಂದು ಕೇಳುತ್ತಿದ್ದರು. ಮಗು ಅಮ್ಮನ ಮುಖ ನೋಡುತ್ತಿತ್ತು. ಸೈಕಲ್ಲು, ಬಾವಿಕಟ್ಟೆ, ಹತ್ತಬೇಡ ಎಂದು ಹೇಳಿದ್ದ ಪೇರಲೆ ಮರ, ಮನೆಯಲ್ಲಿ ಮುಚ್ಚಿಟ್ಟದ್ದೆಲ್ಲ ಅಲ್ಲಿ ಹೊರಗೆ ಬರುತ್ತಿತ್ತು.

ಆಮೇಲೆ ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಿಸುವುದು. ನಿಂತ ಮಗುವಿನ ಹತ್ತಿರ ಬೆಳಿಗ್ಗೆ ಏನು ತಿಂಡಿ, ಅಪ್ಪ ಯಾವ ಬಸ್ಸಿಗೆ ಹೋದರು ಎಂದೆಲ್ಲ ಮಾತಾಡಿಸುತ್ತಿದ್ದರು. ಮಾತಾಡುತ್ತ ನಿಲ್ಲಲು ಬಂದರೆ ಮಾತ್ರ ಮುಂದಿನ ಪಾಠ. ನಾನೂ ಒಮ್ಮೆ ಪ್ರಯತ್ನ ಮಾಡಿ ಶ್ರುತಿಪೆಟ್ಟಿಗೆಯ ಮೇಲೆ ಬಿದ್ದೆ. ಅವರು ಶ್ರುತಿಪೆಟ್ಟಿಗೆಗೆ ಏನಾಯಿತು ಎಂದು ವಿಚಾರಿಸಿದರು. ಆಮೇಲೆ ನೆನಪಾಗಿ ನನ್ನ ಕಾಲನ್ನೂ ನೋಡಿದರು.

ಅವರ ಐಸಿನ ಕಥೆ ಕೊಪ್ಪದಲ್ಲಿ ಎಲ್ಲರಿಗೂ ಗೊತ್ತು. ಕುಣಿಯುವ ಮಕ್ಕಳಿಗೆ ಕಾಲು ಹೊರಳುವುದು ಇದ್ದದ್ದೇ. ನಮ್ಮ ಕಡೆ ಕಾಲು ಉಳುಕಿದರೆ ಮೊದಲು ಮಾಡುವುದೇ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವುದು; ಮಗು ಎಷ್ಟು ಜೋರಾಗಿ ಕೂಗಿತೋ ಅಷ್ಟು ಒಳ್ಳೆಯದಾಯಿತು ಎಂದು ಲೆಕ್ಕ. ಟೀಚರಿಗೆ ಅದನ್ನು ಕಂಡರಾಗದು. ಬಾತ ಕಾಲನ್ನು ತಿಕ್ಕಬಾರದು, ಬಟ್ಟೆ ಸುತ್ತಿದ ಐಸ್ ಇಟ್ಟು ದಿಂಬಿನ ಮೇಲೆ ಎತ್ತಿಡಬೇಕು ಎಂದು ಶಿವಮೊಗ್ಗದ ಡಾಕ್ಟರೊಬ್ಬರಿಂದ ಕೇಳಿಕೊಂಡು ಬಂದಿದ್ದರು. ಐಸ್ ಎಲ್ಲಿಂದ ತರುವುದು? ಕ್ಲಾಸಿನಲ್ಲಿ ಫ್ರಿಜ್ ಇಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಮೀನು ಮಾರುವವನ ಹತ್ತಿರ ಐಸ್ ಇತ್ತು. ಬೆಳ್ಳುಳ್ಳಿಯನ್ನೂ ಮನೆಯೊಳಗೆ ತರದ ಮನೆತನದವರು, ಹಿಡಿಕೆಯಿರುವ ಸ್ಟೀಲಿನ ಡಬ್ಬಿ ಹಿಡಿದುಕೊಂಡು ಬಂಗಡೆ, ಭೂತಾಯಿ ಮೀನುಗಳ ನಡುವೆ ನಿಂತು ಐಸ್ ತುಂಬಿಸಿಕೊಳ್ಳುತ್ತಿದ್ದರು. ಊರಲ್ಲಿ ಮಾತಾಯಿತು. ಅವರ ಅತ್ತಿಗೆ ಬಂದು, “ಜನ ಎಂತ ತಿಳ್ಕೋಬೇಡ?” ಎಂದು ಕೇಳಿದರಂತೆ. “ಕೂಸಿನ ಕಾಲು ಬಾತಿದೆ ಅಂತ ತಿಳ್ಕೊಳ್ಲಿ” ಎಂದರಂತೆ ಇವರು. ಐಸಿಗೆ ಮೀನಿನ ವಾಸನೆ ಬರುತ್ತಿದ್ದದ್ದು ಮಾತ್ರ ನಿಜ. ನಮ್ಮ ಎಷ್ಟೋ ಹುಡುಗಿಯರು ಉಳುಕಿನ ನೋವಿಗಿಂತ ಆ ವಾಸನೆಗೆ ಹೆದರಿ ಜಾಗ್ರತೆಯಾಗಿ ಹೆಜ್ಜೆ ಇಡುತ್ತಿದ್ದರು.

ಹಾಗೆಂದು ಅವರು ದೇವತೆಯಲ್ಲ. ಹೊಗಳುವುದರಲ್ಲಿ ಕಡು ಜಿಪುಣಿ. ಚೆನ್ನಾಗಿ ಮಾಡಿದರೆ “ಹೂಂ” ಎನ್ನುತ್ತಿದ್ದರು, ಬಹಳ ಚೆನ್ನಾಗಿ ಮಾಡಿದರೆ ಅದೂ ಇಲ್ಲ. ಒಂದೇ ಅಡವಿನ ಹೆಜ್ಜೆಯನ್ನು ಮಳೆಗಾಲ ಪೂರ್ತಿ ಮಾಡಿಸಿ ಮಕ್ಕಳಿಗೆ ಬೇಜಾರು ಹಿಡಿಸುತ್ತಿದ್ದರು. ಶ್ರುತಿಯಲ್ಲಿ ಹಾಡಲು ಬಾರದು, ಆದರೆ ನನ್ನನ್ನು ತಿದ್ದುವುದು ಬಿಡರು. ಸೇರಿ ವರ್ಷವಾದರೂ ಮಗಳು ಸ್ಟೇಜ್ ಹತ್ತಲಿಲ್ಲ ಎಂದು ದೂರುವ ಅಪ್ಪಂದಿರಿಗೆ, “ಸ್ಟೇಜ್ ಹತ್ತೋಕೆ ಮೆಟ್ಟಿಲು ಇದೆ, ಯಾರು ಬೇಕಾದ್ರೂ ಹತ್ಬಹುದು” ಎಂದು ಕತ್ತರಿಸಿದ ಹಾಗೆ ಹೇಳುತ್ತಿದ್ದರು. ಅವರ ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಪಾಠವನ್ನೆಲ್ಲ ಕೂತೇ ಹೇಳುತ್ತಿದ್ದರು, ಹೆಜ್ಜೆಗಳನ್ನು ಕೈಬೆರಳುಗಳಲ್ಲಿ ಮಣೆಯ ಮೇಲೆ ಕುಣಿಸಿ ತೋರಿಸುತ್ತಿದ್ದರು. ಕಾಲಿಗೆ ಏನಾಯಿತು ಎಂದು ಅಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ಕೇಳಿದರೆ ಮೊದಲು ನಿನ್ನ ಕಾಲು ತೋರಿಸು ಎಂದಾರು ಎಂಬ ಭಯವಿತ್ತು.

ಸಿಂಚನ ಮುತ್ತಿನಕೊಪ್ಪದ ಹುಡುಗಿ. ಒಂದನೇ ಕ್ಲಾಸಿನಲ್ಲಿದ್ದಾಗ ಅಜ್ಜಿಯ ಕೈ ಹಿಡಿದುಕೊಂಡು ಬಸ್ಸಿಳಿದು ಬಂದವಳು, ಪಿಯುಸಿಗೆ ಬರುವ ಹೊತ್ತಿಗೆ ನಮ್ಮಲ್ಲಿ ಅವಳಂತೆ ಕುಣಿಯುವವರು ಇರಲಿಲ್ಲ. ಟೀಚರ್ ಅವಳಿಗೆ “ಹೂಂ” ಎನ್ನುವುದನ್ನೂ ನಿಲ್ಲಿಸಿದ್ದರು ಎಂದರೆ ನೀವೇ ತಿಳಿದುಕೊಳ್ಳಿ. ಅವಳ ರಂಗಪ್ರವೇಶ ಮಾಡಬೇಕೆಂದು ಅವಳಪ್ಪ ಶೃಂಗೇರಿಯಲ್ಲಿ ಒಂದು ಸಭಾಂಗಣ ಹಿಡಿದರು. ಶಿವಮೊಗ್ಗದಿಂದ ಮೃದಂಗದವರು, ಬಂದವರಿಗೆಲ್ಲ ಹೋಳಿಗೆ ಊಟ. ಟೀಚರ್ ಅವಳಿಗಾಗಿ ಒಂದು ವರ್ಣ ಕಟ್ಟಿದ್ದರು. ವರ್ಣವೆಂದರೆ ಇಡೀ ಕಾರ್ಯಕ್ರಮದ ಬೆನ್ನೆಲುಬು; ಮುಕ್ಕಾಲು ಗಂಟೆ ಬಿಡುವಿಲ್ಲದೆ ಅಭಿನಯ, ನಡುನಡುವೆ ಉಸಿರು ಕಟ್ಟಿಸುವ ಜತಿಗಳು, ಹಾರಿ ಬೀಳುವ ಹೆಜ್ಜೆಗಳು. ಎರಡು ವರ್ಷ ಅದನ್ನು ತಿದ್ದಿ ತೀಡಿದ್ದರು. ಅದನ್ನು ಹಾಡಿ ಹಾಡಿ ನನಗೆ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಬಾಯಿಗೆ ಬರುತ್ತಿತ್ತು.

ಕಾರ್ಯಕ್ರಮದ ವಾರ ಸಿಂಚನ ಅಪ್ಪನ ಜೊತೆ ಬಸರೀಕಟ್ಟೆಯ ನೆಂಟರಿಗೆ ಆಮಂತ್ರಣ ಕೊಡಲು ಹೋಗಿ, ಜೀಪಿನಿಂದ ಹಾರಿ ಇಳಿದಿದ್ದಾಳೆ. ಎಡಗಾಲು ಕಲ್ಲಿನ ಮೇಲೆ ಹೊರಳಿದೆ. ಸಂಜೆಗೆ ಬಾತಿದೆ. ಟೀಚರಿಗೆ ಗೊತ್ತಾದರೆ ನಿಲ್ಲಿಸಿಬಿಡುತ್ತಾರೆ ಎಂದು ಮನೆಯವರೆಲ್ಲ ಸೇರಿ ವಿಷಯ ಮುಚ್ಚಿಟ್ಟರು. ಪರೀಕ್ಷೆ ಇದೆ ಎಂದು ಹೇಳಿ ಕೊನೆಯ ಅಭ್ಯಾಸಕ್ಕೂ ಅವಳನ್ನು ಕಳಿಸಲಿಲ್ಲ.

ಆದರೂ ಕಾರ್ಯಕ್ರಮದ ದಿನ ಗೊತ್ತಾಗಬೇಕಿತ್ತು. ಶಿಷ್ಯೆಯರಿಗೆ ಗೆಜ್ಜೆ ಕಟ್ಟುವುದು ಯಾವಾಗಲೂ ಟೀಚರೇ. ಕಟ್ಟುವ ನೆಪದಲ್ಲಿ ಕಾಲು ಒತ್ತಿ ನೋಡುತ್ತಿದ್ದರು. ಅವತ್ತು ಸಿಂಚನಾಳ ಅಪ್ಪ ಬಂದು ಕೈ ಮುಗಿದು, “ಅಜ್ಜಿಗೆ ವಯಸ್ಸಾಯ್ತು ಟೀಚರ್. ಮೊಮ್ಮಗಳಿಗೆ ತಾನೇ ಗೆಜ್ಜೆ ಕಟ್ಟಬೇಕು ಅಂತ ಆಸೆ” ಎಂದರು. ಆಸೆ ನಿಜವೋ ಉಪಾಯವೋ ನನಗೆ ಇವತ್ತಿಗೂ ತಿಳಿಯದು. ಟೀಚರ್ ಪೂಜೆ ಮಾಡಿದ ಗೆಜ್ಜೆಯನ್ನು ಅಜ್ಜಿಯ ಕೈಗೆ ಕೊಟ್ಟು ಜಮಖಾನ ನೋಡಲು ಹೊರಟುಹೋದರು. ಬ್ಯಾಂಡೇಜು ಗೆಜ್ಜೆಯ ಪಟ್ಟಿಯ ಅಡಿಗೆ ಹೋಯಿತು, ಬಾವು ಪಾದಕ್ಕೆ ಹಚ್ಚಿದ ಕೆಂಪು ಬಣ್ಣದ ಅಡಿಗೆ ಹೋಯಿತು.

ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಪುಷ್ಪಾಂಜಲಿ, ಅಲರಿಪು ಆದವು. ಜತಿಸ್ವರದ ನಡುವೆ ಟೀಚರ್ ತಾಳ ಹಾಕುತ್ತಲೇ ನನ್ನ ಕಡೆ ಬಾಗಿ, “ಎಡಗಾಲಿನ ಗೆಜ್ಜೆ ಕೇಳ್ತಾ ಇಲ್ಲ” ಎಂದರು. ನನಗೆ ಎರಡೂ ಕೇಳುತ್ತಿದ್ದವು. ಹೆದರಿಕೊಂಡು ಮೆಲ್ಲ ತಟ್ಟುತ್ತಿರಬೇಕು ಎಂದು ಅವರೇ ಸಮಾಧಾನ ಹೇಳಿಕೊಂಡರು. ಆಮೇಲಿನ ‘ಶಬ್ದಂ’ ಎಂಬ ನೃತ್ಯವೂ ಮುಗಿಯಿತು. ಸಿಂಚನ ನೀರು ಕುಡಿಯಲು ಒಳಗೆ ಹೋದಳು. ಮುಂದಿನದು ವರ್ಣ.

ಆಗ ನಿರೂಪಕರು ಮೈಕಿನ ಮುಂದೆ ಬಂದರು. ತುಂಬು ಕಂಠದ ಮನುಷ್ಯ. “ಸಭಿಕರಲ್ಲಿ ಒಂದು ಮಾತು,” ಎಂದು ಶುರು ಮಾಡಿದರು. “ಈ ಮಗುವಿನ ಕಾಲು ಇದೇ ವಾರ ಉಳುಕಿದೆ. ನಿಲ್ಲಲೂ ಆಗದ ನೋವಿದೆ. ಆದರೂ ನೋವನ್ನು ನುಂಗಿ, ನಗುನಗುತ್ತಾ, ಇದೀಗ ವರ್ಣವನ್ನು ಪ್ರಸ್ತುತಪಡಿಸಲಿದ್ದಾಳೆ. ಜೋರಾದ ಚಪ್ಪಾಳೆ ಬರಲಿ!” ಹೀಗೆ ಹೇಳಬೇಕೆಂದು ಅವರ ಕಿವಿಯಲ್ಲಿ ಹೇಳಿದ್ದು ಅವಳಪ್ಪನೇ ಎಂದು ಆಮೇಲೆ ತಿಳಿಯಿತು. ಮಗಳ ಸಾಹಸ ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಪಾಪ ಅವರಿಗೆ. ಇಷ್ಟು ದಿನ ಮುಚ್ಚಿಟ್ಟದ್ದು ಯಾರಿಂದಲೋ ಅವರು ಅಲ್ಲೇ ಕೂತಿದ್ದಾರೆ ಎಂಬುದೇ ಆ ಸಂಭ್ರಮದಲ್ಲಿ ಮರೆತುಹೋಗಿತ್ತು.

ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನವರು ಎದ್ದು ನಿಂತರು. ಸಿಂಚನ ಬೆಳಕಿನೊಳಗೆ ಬಂದು ನಿಂತಳು, ಅವಳ ಮುಖ ಅರಳಿತ್ತು.

ಟೀಚರ್ ತಾಳವನ್ನು ಮಡಿಲಲ್ಲಿಟ್ಟರು. “ಮಂಗಳ ಹೇಳು,” ಎಂದರು.

ನನಗೆ ಅರ್ಥವಾಗಲಿಲ್ಲ. “ವರ್ಣ, ಟೀಚರ್,” ಎಂದೆ.

“ಮಂಗಳ ಹೇಳು ಅಂದೆ.”

ದೇವರ ಮುಂದೆ ಪೂಜೆ ಮಾಡಿ ಕಟ್ಟಿದ ಗೆಜ್ಜೆಯನ್ನು ಮಂಗಳ ಆಗದೆ ಬಿಚ್ಚುವಂತಿಲ್ಲ. ನಮ್ಮ ಕ್ಲಾಸಿನಲ್ಲಿ ನಡೆದುಬಂದ ಕ್ರಮ ಅದು. ಅವರು ಕ್ರಮ ಮುರಿಯಲಿಲ್ಲ. ಕಾರ್ಯಕ್ರಮವನ್ನೇ ಅಲ್ಲಿಗೆ ಮುಗಿಸಿದರು. ಮೃದಂಗದವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಮಂಗಳವನ್ನೇ ಹಾಡಿದೆ. ಸಿಂಚನ ಒಂದು ಕ್ಷಣ ಕಲ್ಲಾಗಿ ನಿಂತಳು. ಮಂಗಳ ಕೇಳಿದರೆ ಕೈ ತಾನಾಗಿ ಏಳುವಷ್ಟು ವರ್ಷದ ಅಭ್ಯಾಸ; ಎದ್ದಿತು. ಕಣ್ಣಲ್ಲಿ ನೀರು ಸುರಿಸಿಕೊಂಡೇ ಅವಳು ಮಂಗಳ ಮಾಡಿ ಮುಗಿಸಿದಳು. ಟೀಚರ್ ಕಾಲೆಳೆದುಕೊಂಡು ವೇದಿಕೆಯ ನಡುವೆ ಹೋಗಿ, ನೆಲದ ಮೇಲೆ ಕೂತು, ಎಲ್ಲರ ಎದುರಿಗೇ ಅವಳ ಗೆಜ್ಜೆ ಬಿಚ್ಚಿದರು. ಅಡಿಯಲ್ಲಿ ಬ್ಯಾಂಡೇಜು ಕಂಡಿತು.

ಆಮೇಲಿನ ಗಲಾಟೆ ಬೇಡ ಬಿಡಿ. ಅವಳಪ್ಪ ಮಾತಾಡಿದ್ದನ್ನು ನಾನು ಬರೆಯಲಾರೆ; ಮಗಳ ಮೇಲೆ ಅಷ್ಟು ಆಸೆ ಇಟ್ಟ ಯಾವ ಅಪ್ಪನೂ ಅವತ್ತು ಹಾಗೇ ಮಾತಾಡುತ್ತಿದ್ದ. ನಮ್ಮನ್ನು ಕೊಪ್ಪಕ್ಕೆ ಬಿಡಬೇಕಾಗಿದ್ದ ಕಾರು ಬರಲಿಲ್ಲ. ರೇಷ್ಮೆ ಸೀರೆ ಉಟ್ಟುಕೊಂಡು, ತಾಳದ ಚೀಲ, ಶ್ರುತಿಪೆಟ್ಟಿಗೆ ಹೊತ್ತುಕೊಂಡು, ಊಟದ ಹಜಾರದ ಪಕ್ಕದಲ್ಲೇ ಹಾದು ಬಸ್‌ಸ್ಟ್ಯಾಂಡಿಗೆ ನಡೆದೆವು. ಹೋಳಿಗೆಯ ಪರಿಮಳ ರಸ್ತೆಯವರೆಗೂ ಬರುತ್ತಿತ್ತು. ನನಗೆ ಹಸಿವು, ಅವಮಾನ, ಸಿಟ್ಟು ಎಲ್ಲ ಒಟ್ಟಿಗೆ. ಬಸ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕೂತಾಗ ಬಾಯಿಬಿಟ್ಟೆ.

“ಅಷ್ಟು ಜನರ ಎದುರಿಗೆ ಆ ಹುಡುಗಿಗೆ ಹಂಗೆ ಮಾಡ್ಬೇಕಿತ್ತಾ ಟೀಚರ್? ವರ್ಣ ಚಿಕ್ಕದು ಮಾಡಿ ಮುಗಿಸ್ಬಹುದಿತ್ತು. ಹಾರೋದು ಬಿಟ್ಟು ಮಾಡು ಅನ್ಬಹುದಿತ್ತು.”

“ಆ ಚಪ್ಪಾಳೆ ಕೇಳಿದ ಮೇಲೆ ಬಿಟ್ಟು ಮಾಡ್ತಿದ್ಲಾ ಅವಳು? ಇನ್ನೂ ನಾಲ್ಕು ಹಾರಿ ಮಾಡ್ತಿದ್ಲು,” ಎಂದರು. ಚೀಲದಲ್ಲಿದ್ದ ಬಾಳೆಹಣ್ಣು ಸುಲಿದು ಅರ್ಧ ನನಗೆ ಕೊಟ್ಟು, “ನಾನು ಮಾಡಿದ್ದೆ” ಎಂದರು.

ಮೈಸೂರಿನಲ್ಲಿ ಕಲಿಯುವಾಗಿನ ಮಾತು. ಕಾರ್ಯಕ್ರಮದ ಹಿಂದಿನ ದಿನ ಬಲಗಾಲು ಹೊರಳಿತ್ತಂತೆ. ಬಟ್ಟೆ ಬಿಗಿದು, ಮೇಲೆ ಗೆಜ್ಜೆ ಬಿಗಿದು ಕುಣಿದರಂತೆ. ಅಲ್ಲೂ ಯಾರೋ ಮೈಕಿನಲ್ಲಿ ಹೇಳಿದರಂತೆ.

“ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು ಮಾರಾಯ್ತಿ. ಆಮೇಲೆ ನೋವು ಅನ್ನೋದು ಗೊತ್ತೇ ಆಗ್ಲಿಲ್ಲ. ತಿಲ್ಲಾನ ಇನ್ನೊಂದ್ಸಲ ಅಂದ್ರು, ಇನ್ನೊಂದ್ಸಲ ಮಾಡಿದೆ. ಅಷ್ಟು ಚಂದ ನಾನು ಯಾವತ್ತೂ ಕುಣಿದಿರ್ಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಇಳಿದ್ರೆ ಕಾಲು ನೆಲಕ್ಕೆ ತಾಗ್ಸಕ್ಕಾಗ್ಲಿಲ್ಲ. ಒಳಗೆ ಹರಿದೇ ಹೋಗಿತ್ತು. ಮತ್ತೆ ಕುಣಿಲೇ ಇಲ್ಲ.” ಅವರು ಬಾಳೆಹಣ್ಣಿನ ಸಿಪ್ಪೆಯನ್ನು ಚೀಲದಲ್ಲಿ ಹಾಕಿಕೊಂಡರು. “ಆಗ ನಂಗೂ ಅವಳಷ್ಟೇ ವಯಸ್ಸು.”

ಬಸ್ಸು ಬಂತು. ಅಷ್ಟು ವರ್ಷ ಪಕ್ಕದಲ್ಲೇ ಕೂತು, ಆ ಕೈಬೆರಳುಗಳ ಕುಣಿತ ನೋಡಿ ನಗುತ್ತಿದ್ದೆನಲ್ಲ ಎಂದು ದಾರಿಯುದ್ದಕ್ಕೂ ನಾಚಿಕೆಯಾಯಿತು.

ಕಥೆಯಲ್ಲಾದರೆ ಇಲ್ಲಿ ಡಾಕ್ಟರು ಬಂದು, ಟೀಚರ್ ನಿಲ್ಲಿಸಿದ್ದರಿಂದ ಕಾಲು ಉಳಿಯಿತು ಎನ್ನಬೇಕು. ಹಾಗಾಗಲಿಲ್ಲ. ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆದು, ಮೂಳೆಗೆ ಏನೂ ಆಗಿಲ್ಲ, ಸ್ವಲ್ಪ ನಾರು ಎಳೆದಿದೆ, ವಿಶ್ರಾಂತಿ ಕೊಟ್ಟು ಆಮೇಲೆ ವ್ಯಾಯಾಮ ಮಾಡಿಸಿ ಎಂದರಂತೆ ಡಾಕ್ಟರು. “ಎಂತದೂ ಆಗಿರಲಿಲ್ಲ, ಸುಮ್ಮನೆ ಹುಡುಗಿಯ ಮಾನ ಕಳೆದರು” ಎಂಬ ಮಾತು ಕೊಪ್ಪದಿಂದ ಪಕ್ಕದ ನಾರ್ವೆ ಹಳ್ಳಿಯವರೆಗೆ ಹಬ್ಬಿತು. ಸಿಂಚನ ಅಳುತ್ತ ಮಂಗಳ ಮಾಡುವ ವಿಡಿಯೋ ವಾಟ್ಸಾಪಿನಲ್ಲಿ ಓಡಾಡಿತು. ಕ್ಲಾಸಿನ ಅರ್ಧ ಮಕ್ಕಳು ಬರುವುದು ಬಿಟ್ಟರು. ಖಾಲಿ ನೆಲ ನೋಡಿ ನಾನು ಹಲ್ಲು ಕಡಿದರೆ, ಟೀಚರ್, “ಎಂತದೂ ಆಗ್ಲಿಲ್ಲ ಅಂದ್ರೆ ಖುಷಿ ಪಡೋದಲ್ವನೇ? ನಿಂಗೆ ಎಂತ, ಅವಳ ಕಾಲು ಮುರೀಬೇಕಿತ್ತಾ?” ಎಂದು ನನಗೇ ಬೈದರು. ವರ್ಣ ಮಾಡಿದ್ದರೆ ಆ ಕಾಲು ತಡೆಯುತ್ತಿತ್ತೋ ಇಲ್ಲವೋ, ಇವತ್ತಿಗೂ ನಾನು ಆಣೆ ಮಾಡಿ ಹೇಳಲಾರೆ. ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ತಮ್ಮ ಹೆಸರನ್ನು ಪಣಕ್ಕಿಟ್ಟರಲ್ಲ, ಆ ಧೈರ್ಯ ನನಗಂತೂ ಇಲ್ಲ.

ಅವರನ್ನು ತಿಂದದ್ದು ಬೇರೆಯದೇ. ಸಿಂಚನ ಬರಲಿಲ್ಲ. ಫೋನು ಎತ್ತಲಿಲ್ಲ. ವ್ಯಾಯಾಮ ಮಾಡುತ್ತಿದ್ದಾಳೋ ಇಲ್ಲವೋ ತಿಳಿಯದು; ಹಾಗೇ ಬಿಟ್ಟರೆ ಆ ಕಾಲು ಮತ್ತೆ ಮತ್ತೆ ಹೊರಳುತ್ತದೆ, ಆ ಹುಡುಗಿ ಕುಣಿತವನ್ನೇ ಬಿಡುತ್ತಾಳೆ ಎಂದು ದಿನವೂ ಅದೇ ಮಾತು. ಒಂದು ದಿನ “ಏಳು, ಮುತ್ತಿನಕೊಪ್ಪಕ್ಕೆ ಹೋಗದು” ಎಂದರು.

ಬಸ್ಸಿನಲ್ಲಿ ನಾನು ಬುದ್ಧಿ ಹೇಳಿದೆ. “ನಿಮ್ಮ ಮೈಸೂರಿನ ಕಥೆ ಅವಳಿಗೆ ಹೇಳಿ. ಒಂದೇ ಮಾತಿಗೆ ಕರಗ್ತಾಳೆ.”

“ಹೇಳಲ್ಲ.”

“ಎಂತಕ್ಕೆ?”

“ನನ್ನ ಕಾಲು ನೋಡಿ ಪಾಪ ಅಂತ ಬರೋದು ಬ್ಯಾಡ ಅವಳು. ತನ್ನ ಕಾಲಿಗೋಸ್ಕರ ಬಂದ್ರೆ ಬರ್ಲಿ.”

ಮನೆಯಲ್ಲಿ ಅಜ್ಜಿ ಇದ್ದರು, ಅಪ್ಪ ಇರಲಿಲ್ಲ. ಅಜ್ಜಿ ಮುಖ ಗಂಟಿಕ್ಕಿಕೊಂಡೇ ಜಗಲಿಯಲ್ಲಿ ಚಾಪೆ ಹಾಕಿ, “ಕಾಫಿ ಕುಡಿದು ಹೋಗಿ” ಎಂದು ಒಳಗೆ ಹೋದರು. ತುಂಬ ಹೊತ್ತಾದ ಮೇಲೆ ಸಿಂಚನ ಬಂದು ಹೊಸಿಲ ಒಳಗೇ ನಿಂತಳು. ಎಡಗಾಲಿನ ಮೇಲೆ ಭಾರ ಹಾಕದೆ ನಿಂತಿದ್ದಳು.

“ಎಲ್ಲರ ಎದುರಿಗೆ ನಿಲ್ಲಿಸಿಬಿಟ್ರಿ,” ಎಂದಳು.

“ಹೌದು,” ಎಂದರು ಟೀಚರ್.

“ನಂಗೆ ಆಗ್ತಿತ್ತು. ಡಾಕ್ಟರೂ ಎಂತ ಆಗಿಲ್ಲ ಅಂದ್ರು.”

“ಆಗ್ತಿತ್ತೇನೋ. ನಂಗೊತ್ತಿಲ್ಲ.”

“ಮತ್ತೆ ಎಂತಕ್ಕೆ ನಿಲ್ಸಿದ್ದು?”

“ಗೊತ್ತಿಲ್ದಿದ್ದಕ್ಕೇ.”

ನಾನು ಅವರ ಸೆರಗು ಎಳೆದೆ. ಈಗಲಾದರೂ ಹೇಳಿ ಎಂದು ಕಣ್ಣಲ್ಲೇ ಅಂಗಲಾಚಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಸಿಂಚನಾಳ ಬಾಯಿ ಸೊಟ್ಟಗಾಯಿತು. ಒಂದನೇ ಕ್ಲಾಸಿನಲ್ಲಿ ಬಸ್ಸಿಳಿದು ಬಂದ ಮಗು ಮತ್ತೆ ಅಲ್ಲಿ ನಿಂತ ಹಾಗಿತ್ತು.

“ನಂಗೆ ವರ್ಣ ಮಾಡ್ಬೇಕಿತ್ತು ಟೀಚರ್.”

“ನಂಗೂ ನೋಡ್ಬೇಕಿತ್ತು ಕೂಸೆ,” ಎಂದರು ಅವರು. ಕನ್ನಡಕ ತೆಗೆದು, ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಿಂಚನ ಹೊಸಿಲು ದಾಟಿ ಬಂದು ಚಾಪೆಯ ಮೇಲೆ ಕೂತಳು. ಅಜ್ಜಿ ಕಾಫಿ ತಂದವರು ಇಬ್ಬರನ್ನೂ ನೋಡಿ, ಲೋಟಗಳನ್ನು ನನ್ನ ಹತ್ತಿರ ಇಟ್ಟು ಒಳಗೆ ಹೋದರು.

ಶನಿವಾರದಿಂದ ಸಿಂಚನ ಬರತೊಡಗಿದಳು. ಗೆಜ್ಜೆಯಿಲ್ಲದೆ, ಗೋಡೆ ಹಿಡಿದುಕೊಂಡು, ತಿಂಗಳುಗಟ್ಟಲೆ ಬರೀ ಹಿಮ್ಮಡಿ ಎತ್ತಿ ಇಳಿಸುವುದು ಮಾಡಿದಳು. ಮಾರನೆಯ ವರ್ಷ ಒಂದು ಶನಿವಾರ ಮಧ್ಯಾಹ್ನ, ಯಾರಿಗೂ ಆಮಂತ್ರಣವಿಲ್ಲದೆ, ಆ ಮಹಡಿಯ ಮೇಲೆಯೇ ವರ್ಣ ಮಾಡಿದಳು. ಅಜ್ಜಿ ಬಂದಿದ್ದರು. ಕೊನೆಗೆ ಅವಳಪ್ಪನೂ ಬಂದು ಬಾಗಿಲ ಹತ್ತಿರ ನಿಂತರು. ಅವತ್ತು ಟೀಚರ್ ತಾಳವನ್ನು ಇನ್ನೊಬ್ಬ ಶಿಷ್ಯೆಯ ಕೈಗೆ ಕೊಟ್ಟು, ಎದುರಿನ ಗೋಡೆಗೆ ಒರಗಿ ಕೂತು, ಮೊದಲಿನಿಂದ ಕೊನೆಯವರೆಗೆ ಕಣ್ಣು ಮಿಟುಕಿಸದೆ ನೋಡಿದರು. ಮುಗಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವರು ತಟ್ಟಲಿಲ್ಲ.

“ನೋವಿದೆಯಾ?” ಎಂದು ಕೇಳಿದರು.

ಸಿಂಚನ ಏದುಸಿರು ಬಿಡುತ್ತ ಕಾಲನ್ನು ಎರಡು ಸಲ ನೆಲಕ್ಕೆ ತಟ್ಟಿ ನೋಡಿದಳು. “ಇಲ್ಲ ಟೀಚರ್.”

ನಮ್ಮ ಚಪ್ಪಾಳೆ ನಿಂತು ಎಷ್ಟೋ ಹೊತ್ತಾಗಿತ್ತು. ಆಗ ಅವರೊಬ್ಬರೇ ಚಪ್ಪಾಳೆ ತಟ್ಟಿದರು.